ಕೊಡೆ ಹಿಡಿದ ಸೆಟ್ಟಿ ಯಾರ ಅಜ್ಜ?

ಬಂಟ್ವಾಳ ಪೇಟೆಯ ಲೋಕನಾಥ ಶೆಟ್ಟಿಗೆ ಅರುವತ್ತು ತುಂಬುವ ತನಕ ಅಜ್ಜನ ಕೊರತೆ ಕಾಡಿರಲಿಲ್ಲ. ಎಲ್ಲರಿಗೂ ಇದ್ದ ಹಾಗೆ ಅವನಿಗೂ ಒಬ್ಬ ಅಜ್ಜ ಇದ್ದ. ಇವನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅಲ್ಲಿಗೆ ವಿಷಯ ಮುಗಿದಿತ್ತು. ಬಿ.ಸಿ.ರೋಡಿನಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡು ಮದುವೆ ಸೀಸನ್ನಿನಲ್ಲಿ ತಲೆ ಕೆರೆಯಲೂ ಪುರುಸೊತ್ತಿಲ್ಲದವನಿಗೆ ಅಜ್ಜನ ಅಗತ್ಯ ಬೀಳುವುದಾದರೂ ಹೇಗೆ? ಬಿದ್ದದ್ದು, ಪಕ್ಕದ ಮನೆಯ ಶಿವಕೃಷ್ಣ ಭಟ್ಟರಿಗೆ ಒಬ್ಬ ಅಜ್ಜ ಸಿಕ್ಕಿದ ದಿನ.

ಪೇಟೆಯ ಉಪೇಂದ್ರ ಬಾಳಿಗರ ಜೀನಸಿನ ಅಂಗಡಿಗೆ ನೂರು ವರ್ಷ ತುಂಬುವುದಿತ್ತು. ಅದಕ್ಕಾಗಿ ಅಟ್ಟ ಗುಡಿಸಿದಾಗ ಒಂದು ಹಳೆಯ ಫೋಟೊ ಸಿಕ್ಕಿತು. ಅಂಗಡಿಯ ಜಗಲಿಯಲ್ಲಿ ಒಂಬತ್ತು ಮಂದಿ ವರ್ತಕರು, ಕೆಲವರು ಕೂತು, ಕೆಲವರು ನಿಂತು. ಘಟ್ಟದ ಬುಡದಿಂದ ಎತ್ತಿನ ಗಾಡಿಯಲ್ಲಿ ಬಂದ ಸಾಮಾನು ಬಂಟ್ವಾಳದಲ್ಲಿ ಇಳಿದು, ನೇತ್ರಾವತಿಯ ದೋಣಿ ಹತ್ತಿ ಮಂಗಳೂರಿಗೆ ಹೋಗುತ್ತಿದ್ದ ಕಾಲದ ಚಿತ್ರ ಅದು. ಬಾಳಿಗರು ಮನೆಯ ಹಿರಿಯರು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ನೆನಪಿಟ್ಟುಕೊಂಡವರು. ಹೊಗೆಸೊಪ್ಪಿನವರು ಯಾರು, ಉಪ್ಪಿನ ದೋಣಿಯವರು ಯಾರು, ಯಾರ ಮಗಳು ಯಾರ ಮನೆಗೆ ಹೋದದ್ದು ಎಂದು ತಾಳೆ ಹಾಕುತ್ತ ಒಬ್ಬೊಬ್ಬರನ್ನೇ ಗುರುತಿಸಿದರು. ಶತಮಾನೋತ್ಸವದ ದಿನ ಗುರುತಾದವರ ಮೊಮ್ಮಕ್ಕಳಿಗೆ ಶಾಲು ಹೊದಿಸಿ ಸನ್ಮಾನ. ಫೋಟೊವನ್ನು ದೊಡ್ಡದು ಮಾಡಿಸಿ, ಕೆಳಗೆ ಹೆಸರು ಬರೆಸಿ, ಅಂಗಡಿಯಲ್ಲಿ ಶಾಶ್ವತವಾಗಿ ತೂಗುಹಾಕುವುದು.

ಎಡಗಡೆಯಿಂದ ಮೂರನೆಯವರು ಶಿವಕೃಷ್ಣ ಭಟ್ಟರ ಅಜ್ಜ ಎಂದು ನಿಶ್ಚಯವಾಯಿತು. ಪೇಪರಿನ ಸ್ಥಳೀಯ ಪುಟದಲ್ಲಿಯೂ ಬಂತು. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿ ನಿವೃತ್ತರಾದ ಭಟ್ಟರು ಪೇಪರನ್ನು ನಾಲ್ಕು ಮಡಿಕೆ ಮಾಡಿ, ಫೋಟೊ ಮಾತ್ರ ಮೇಲೆ ಕಾಣುವ ಹಾಗೆ ಹಿಡಿದು, ಕಂಪೌಂಡಿನ ಹತ್ತಿರ ಬಂದರು.

"ಶೆಟ್ರೇ, ನಾನು ಬರೇ ಮಾಸ್ತರ ಅಂತ ಇಷ್ಟು ದಿನ ತಿಳಿದಿದ್ದೆ. ನಮ್ಮದು ವರ್ತಕ ಪರಂಪರೆ ಗೊತ್ತುಂಟಾ?"

"ಬೆಲ್ಲದ್ದಲ್ವಾ?" ಎಂದ ಲೋಕನಾಥ, ಬೆಲ್ಲ ಎಂಬುದು ಒಂದು ಕಾಯಿಲೆಯೇನೋ ಎಂಬಂತೆ.

"ಬೆಲ್ಲವೇ. ಆದರೆ ಸಗಟು!"

ಆ 'ಸಗಟು' ಎಂಬ ಶಬ್ದ ಲೋಕನಾಥನ ಎದೆಗೆ ಹೋಗಿ ಕೂತಿತು. ಅವತ್ತು ಕುಸುಮ ಮಾಡಿದ್ದ ನೀರುದೋಸೆಯನ್ನು ಅವನು ಮುಟ್ಟಲಿಲ್ಲ.

"ಎಂತ ಆಯ್ತು? ಉಪ್ಪು ಕಮ್ಮಿಯಾ?" ಎಂದು ಹೆಂಡತಿ ಕೇಳಿದಳು.

"ಕುಸುಮಾ, ಆ ಭಟ್ರಿಗೆ ತರಕಾರಿ ತೂಗಿಸಿ ತರಲಿಕ್ಕೆ ಬರುವುದಿಲ್ಲ. ಅವರದ್ದು ವರ್ತಕ ಪರಂಪರೆ ಅಂತೆ! ನಾನು ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಾ ಇದ್ದೇನೆ. ನನಗೆ ಪರಂಪರೆ ಇಲ್ವಾ?"

"ನಿಮಗೆ ಗ್ಯಾಸ್ಟ್ರಿಕ್ ಉಂಟು. ಖಾಲಿ ಹೊಟ್ಟೆಯಲ್ಲಿ ಇರಬೇಡಿ," ಎಂದಳು ಕುಸುಮ.

ಅಸೂಯೆಗೂ ಗ್ಯಾಸ್ಟ್ರಿಕ್ಕಿಗೂ ಒಂದು ಸಾಮ್ಯವಿದೆ. ಎರಡೂ ಮಲಗಿದ ಮೇಲೆ ಮೇಲಕ್ಕೆ ಬರುತ್ತವೆ. ಲೋಕನಾಥ ಮಧ್ಯಾಹ್ನದ ನಿದ್ರೆ ಬಿಟ್ಟು ಫೋನಿನಲ್ಲಿ ಆ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಎಂಟು ಮಂದಿಗೆ ಮೊಮ್ಮಕ್ಕಳು ಸಿಕ್ಕಿದ್ದರು. ಬಲತುದಿಯಲ್ಲಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಕೋಟಿನ ಮೇಲೆ ಗಡಿಯಾರದ ಸರಪಳಿ ಇಳಿಬಿಟ್ಟು ನಿಂತ ಒಂಬತ್ತನೆಯವನು ಮಾತ್ರ ಅನಾಥನಾಗಿದ್ದ. ನುಣ್ಣಗಿನ ಮುಖ, ಬಲು ಠೀವಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ದೊಡ್ಡ ಕಿವಿ. ಲೋಕನಾಥ ಎದ್ದು ಕನ್ನಡಿಯ ಮುಂದೆ ನಿಂತ. ಅಲ್ಲಿಯೂ ಎರಡು ದೊಡ್ಡ ಕಿವಿ.

ಸಂಜೆಯೊಳಗೆ ಅವನು ಬಾಳಿಗರ ಅಂಗಡಿಯಲ್ಲಿದ್ದ. ಕ್ಷೌರ ಮಾಡಿಸಿಕೊಂಡೇ ಹೋಗಿದ್ದ, ಕಿವಿಗಳು ಸ್ವಚ್ಛವಾಗಿ ಕಾಣಲಿ ಎಂದು.

"ಬಾಳಿಗ ಮಾಮ್, ಈ ಕೊಡೆಯವರು ಯಾರು?"

"ಅದೊಂದೇ ತೊಡಕು ನೋಡು. ಹೆಸರು ನಮ್ಮ ಅಪ್ಪನಿಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ನಿಂತದ್ದು ಒಬ್ಬ ಸೆಟ್ಟಿ ಅಂತ ಮಾತ್ರ ಅಜ್ಜ ಹೇಳ್ತಿದ್ದರಂತೆ."

"ಸೆಟ್ಟಿ ಅಂದ್ರೆ ಶೆಟ್ಟಿಯೇ ಅಲ್ವಾ! ನಮ್ಮ ಅಜ್ಜ ಬಂಟ್ವಾಳಕ್ಕೆ ಗಾಡಿಯಲ್ಲಿ ಅಕ್ಕಿಮುಡಿ ತರುತ್ತಿದ್ದವರು. ನನ್ನ ಕಿವಿ ನೋಡಿ."

ಬಾಳಿಗರು ಕನ್ನಡಕ ಸರಿಮಾಡಿ ಕಿವಿ ನೋಡಿದರು. ಅಂಗಡಿಗೆ ಬಂದಿದ್ದ ಗಿರಾಕಿಗಳೂ ನೋಡಿದರು. ಕಿವಿಯ ವಿಚಾರದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಆದರೂ ಬಾಳಿಗರು ವ್ಯಾಪಾರಸ್ಥರು. "ಕಿವಿ ಸಾಲದು ಮಾರಾಯ. ನಿಮ್ಮ ಮನೆಯ ಹಿರಿಯರು ಯಾರಾದರೂ ಒಂದು ಮಾತು ಹೇಳಲಿ. ಮತ್ತೆ ನನ್ನದೇನೂ ಅಡ್ಡಿ ಇಲ್ಲ," ಎಂದರು.

ಮನೆಯಲ್ಲಿ ಉಳಿದ ಹಿರಿಯರೆಂದರೆ ಬೆಳ್ತಂಗಡಿಯಲ್ಲಿ ಮಗಳ ಜೊತೆ ಇದ್ದ ಗುಲಾಬಿ ಮಾಮಿ, ಲೋಕನಾಥನ ತಂದೆಯ ತಂಗಿ. ಎಂಬತ್ತೆಂಟು ವರ್ಷ, ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ಮರುದಿನ ಬೆಳಿಗ್ಗೆಯೇ ಅವನು ಬೆಳ್ತಂಗಡಿಯ ಬಸ್ಸು ಹತ್ತಿದ. ಮಾಮಿಗೆ ಫೋಟೊ ತೋರಿಸಿ, ಇನ್ನೊಂದು ಕೈಯಲ್ಲಿ ಮಾಮಿಯ ಮಗಳ ಫೋನಿನಿಂದ ವಿಡಿಯೊ ಮಾಡಲು ಶುರುಮಾಡಿದ.

"ಮಾಮಿ, ಈ ಕೊಡೆ ಹಿಡಿದವರ ಗುರುತು ಸಿಕ್ತದಾ?"

ಗುಲಾಬಿ ಮಾಮಿ ಫೋಟೊವನ್ನು ಮೂಗಿನ ಹತ್ತಿರ ತಂದರು. ಮುಖ ಅರಳಿತು. "ಅಯ್ಯೋ, ಇವರಾ! ಇವರ ಗುರುತು ಸಿಗದೆ ಉಂಟಾ? ಇವರು ನಮ್ಮ ಮನೆಯವರೇ ಆಗಿಬಿಟ್ಟಿದ್ದರಲ್ಲ ಮಾರಾಯ! ನಮ್ಮ ಅಮ್ಮನ ಕೈಯಿಂದಲೇ..."

ಅಷ್ಟರಲ್ಲಿ ಲೋಕನಾಥನ ಸ್ವಂತ ಫೋನು ಹೊಡೆದುಕೊಂಡಿತು. ಪೊಳಲಿಯ ಒಂದು ಮದುವೆಗೆ ಹೋಗಬೇಕಾದ ಕುರ್ಚಿಗಳು ಮಾಣಿ ಊರಿನ ಒಂದು ಸಾವಿನ ಮನೆಯ ಬೊಜ್ಜಕ್ಕೆ ಹೋಗಿ ಕೂತಿದ್ದವು. ಅವನು ವಿಡಿಯೊ ನಿಲ್ಲಿಸಿದ, ಮಾಮಿಯ ಕಾಲು ಮುಟ್ಟಿದ, "ಸಾಕು ಮಾಮಿ, ಇಷ್ಟೇ ಬೇಕಾದ್ದು" ಎಂದು ಓಡಿದ. ಮಾಮಿ ಗೇಟಿನ ತನಕ ಏನೋ ಹೇಳುತ್ತಲೇ ಇದ್ದರು. ಬೇಕಾದ್ದು ಸಿಕ್ಕಿದವನಿಗೆ ಉಳಿದದ್ದು ಕೇಳಿಸುವುದಿಲ್ಲ.

ವಿಡಿಯೊ ವಾಟ್ಸಾಪಿನಲ್ಲಿ ಊರಿಡೀ ಹರಿಯಿತು. ಬಾಳಿಗರು ಒಪ್ಪಿದರು. 'ಬಲತುದಿಯಲ್ಲಿ ಕೊಡೆಯೊಂದಿಗೆ: ಶ್ರೀ ಲೋಕನಾಥ ಶೆಟ್ಟಿಯವರ ಅಜ್ಜ' ಎಂದು ಆಮಂತ್ರಣದಲ್ಲಿ ಅಚ್ಚಾಯಿತು, ಪೇಪರಿನಲ್ಲಿಯೂ ಬಂತು. ಖುಷಿಯ ಭರದಲ್ಲಿ ಲೋಕನಾಥ ಕಾರ್ಯಕ್ರಮಕ್ಕೆ ಶಾಮಿಯಾನ ಮತ್ತು ಇನ್ನೂರು ಕುರ್ಚಿ ಪುಕ್ಕಟೆ ಎಂದು ಘೋಷಿಸಿದ. ಈಗ ಪೇಪರು ಮಡಿಸಿಕೊಂಡು ಕಂಪೌಂಡಿಗೆ ಹೋಗುವ ಸರದಿ ಅವನದು.

"ಭಟ್ರೇ, ನಿಮ್ಮ ಅಜ್ಜ ಕೂತಿದ್ದಾರೆ, ಒಪ್ಪಿದೆ. ಆದರೆ ಕಾಲಲ್ಲಿ ಚಪ್ಪಲಿ ಇಲ್ಲ. ನಮ್ಮ ಅಜ್ಜನಿಗೆ ಗಡಿಯಾರ ಉಂಟು ನೋಡಿ."

ಭಟ್ಟರು ಕಣ್ಣು ಕಿರಿದು ಮಾಡಿದರು. "ಶೆಟ್ರೇ, ನಿಮ್ಮದು ಅಳಿಯಕಟ್ಟು ಅಲ್ವಾ? ತಾಯಿಯ ಕಡೆಯದ್ದೇ ಲೆಕ್ಕ. ತಂದೆಯ ತಂದೆಯನ್ನು ಕಟ್ಟಿಕೊಂಡು ನಿಮಗೆ ಎಂತ ಆಗಬೇಕು?"

"ಆಸ್ತಿಗೆ ಅಳಿಯಕಟ್ಟು ಭಟ್ರೇ. ಕಿವಿಗೆ ಅಲ್ಲ!"

ಭಟ್ಟರು ಅವತ್ತು ಸಂಜೆ ವಾಕಿಂಗಿಗೆ ಬರಲಿಲ್ಲ. ಮಂಡಿನೋವು ಎಂದು ಹೇಳಿ ಕಳುಹಿಸಿದರು. ಲೋಕನಾಥ ಒಬ್ಬನೇ ನಡೆದ, ಎದೆ ಉಬ್ಬಿಸಿ, ಮಳೆಯ ಲಕ್ಷಣವಿಲ್ಲದಿದ್ದರೂ ಕಂಕುಳಲ್ಲಿ ಒಂದು ಕೊಡೆ ಇಟ್ಟುಕೊಂಡು. ಅಂಗಡಿಯ ಪಕ್ಕದ ಫ್ಯಾನ್ಸಿ ಸ್ಟೋರಿನ ಬಾವಾ ಮಾತ್ರ ಈ ಪೈಪೋಟಿಯಿಂದ ದೂರವಿದ್ದರು. ಅವರ ಅಜ್ಜ ದೋಣಿಗಳ ಯಜಮಾನ, ಫೋಟೊದ ನಟ್ಟನಡುವೆ ಕೂತವರು. "ಒಟ್ಟು ಜೀವಮಾನಕ್ಕೆ ಒಂದು ಫೋಟೊ ಶೆಟ್ರೇ, ಅದರಲ್ಲೂ ಕಣ್ಣು ಮುಚ್ಚಿದ್ದಾರೆ. ಅದಕ್ಕೆ ಶಾಲು ಬೇರೆ!" ಎಂದು ಅವರು ನಗುತ್ತಿದ್ದರು.

ಕಾರ್ಯಕ್ರಮಕ್ಕೆ ಇನ್ನು ಒಂದು ವಾರ ಇರುವಾಗ, ಮಧ್ಯಾಹ್ನ, ಲೋಕನಾಥನ ಮನೆಯ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಎಪ್ಪತ್ತು ದಾಟಿದ ಒಬ್ಬ ಹೆಂಗಸು ಇಳಿದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆ, ನೆಟ್ಟಗಿನ ಬೆನ್ನು. ಬಾಗಿಲು ತೆಗೆದ ಕುಸುಮಳನ್ನು ಕಾಲಿನಿಂದ ತಲೆಯ ತನಕ ನೋಡಿದರು.

"ಇದೇ ಮನೆಯಾ?"

"ಯಾವ ಮನೆ ಅಮ್ಮ?"

"ನಮ್ಮ ಅಜ್ಜ ಬಂದು ಉಳಿಯುತ್ತಿದ್ದ ಮನೆ."

"ಇಲ್ಲ ಅಮ್ಮ, ಇದು ನಾವು ಮೊನ್ನೆ ಮೊನ್ನೆ ಸಾಲ ಮಾಡಿ ಕಟ್ಟಿಸಿದ್ದು," ಎಂದಳು ಕುಸುಮ ಗಾಬರಿಯಿಂದ.

ಬಂದವರು ಮೂಡುಬಿದಿರೆಯ ಮರುದೇವಿಯಮ್ಮ. ಅಲ್ಲಿನ ಹಳೆಯ ಜವಳಿ ವರ್ತಕರ ಜೈನ ಮನೆತನ. ಪೇಪರಿನಲ್ಲಿ ಫೋಟೊ ನೋಡಿ ಅವರಿಗೆ ಎರಡು ದಿನ ಊಟ ಸೇರಿರಲಿಲ್ಲ. ಕೊಡೆ ಹಿಡಿದು ನಿಂತದ್ದು ಅವರ ಸ್ವಂತ ಅಜ್ಜ, ಪಾಯಪ್ಪ ಸೆಟ್ಟಿ. ಅದೇ ಕೋಟು, ಅದೇ ಗಡಿಯಾರದ ಫೋಟೊ ಅವರ ಚಾವಡಿಯಲ್ಲಿ ಇನ್ನೂ ಇದೆ. ಕೈಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಸಂಶಯಕ್ಕೆ ಜಾಗವೇ ಇರಲಿಲ್ಲ.

ಲೋಕನಾಥ ಬೆವರಿದ. ಆದರೆ ಮರುದೇವಿಯಮ್ಮ ಬಂದದ್ದು ಅಜ್ಜನನ್ನು ವಾಪಸು ಕೇಳಲಿಕ್ಕಲ್ಲ.

"ನಮ್ಮ ಅಜ್ಜಿ ನನ್ನನ್ನು ಸಾಕಿದವರು. ಸಾಯುವ ತನಕ ಬಂಟ್ವಾಳ ಅಂತ ಬೋರ್ಡಿದ್ದ ಬಸ್ಸು ಕಂಡರೆ ಮುಖ ತಿರುಗಿಸ್ತಿದ್ದರು. ಯಾಕೆ ಗೊತ್ತುಂಟಾ? ಅಜ್ಜ ವ್ಯಾಪಾರ ಅಂತ ಈ ಕಡೆ ಬರುವಾಗ ಅಂಗಡಿಯ ಒಳ್ಳೊಳ್ಳೆಯ ಸೀರೆ ಗಂಟು ಕಟ್ಟಿ ತರುತ್ತಿದ್ದರು. ವಾಪಸು ಬರುವಾಗ ಸೀರೆ ಇಲ್ಲ. ಮುಖದಲ್ಲಿ ಏನೋ ಒಂದು ಕಳೆ. ಒಮ್ಮೆ ಕೋಟಿನ ಕಾಲರಿನಲ್ಲಿ ಕಾಡಿಗೆ! ಅಜ್ಜಿಗೆ ಮಾತ್ರ ಯಾವಾಗಲೂ ದಪ್ಪ ನೂಲಿನ ಸೀರೆ. ಈ ಕಡೆ ಇನ್ನೊಂದು ಸಂಸಾರ ಉಂಟು ಅಂತ ಅಜ್ಜಿ ಹೇಳಿ ಹೇಳಿ ಸತ್ತರು, ಯಾರೂ ನಂಬಲಿಲ್ಲ. ಈಗ ನೀವೇ ಪೇಪರಿನಲ್ಲಿ ಹಾಕಿಸಿದ್ದೀರಿ." ಅವರು ಮುಂದಕ್ಕೆ ಬಾಗಿದರು. "ಹೇಳಿ, ಆ ಸೀರೆ ಉಟ್ಟವರು ನಿಮ್ಮ ಅಜ್ಜಿಯೇ ಅಲ್ವಾ?"

ಲೋಕನಾಥ ಲೆಕ್ಕ ಹಾಕಿದ. 'ಅವರು ನನ್ನ ಅಜ್ಜ ಅಲ್ಲ' ಎಂದರೆ ಶಾಲು ಹೋಯಿತು, ಭಟ್ಟರು ಗೆದ್ದರು. 'ಹೌದು' ಎಂದರೆ ಅಜ್ಜಿಯ ಮಾನ ಹೋಯಿತು.

"ಅಮ್ಮಾ... ಶಾಲಿನ ಕಾರ್ಯಕ್ರಮ ಭಾನುವಾರ ಉಂಟು," ಎಂದ. "ಇದನ್ನು ಸೋಮವಾರ ಮಾತಾಡುವನಾ?"

ಕುಸುಮ ಗಂಡನನ್ನು ನೋಡಿದ ನೋಟಕ್ಕೆ ಮೇಜಿನ ಮೇಲಿದ್ದ ಹಾಲು ಒಡೆಯಬೇಕಿತ್ತು. ಮರುದೇವಿಯಮ್ಮ ಎದ್ದರು. "ಭಾನುವಾರವೇ ಬರ್ತೇನೆ. ಎಲ್ಲರ ಎದುರು ನೀವು ಹೌದು ಅಂತ ಹೇಳಬೇಕು. ನಮ್ಮ ಅಜ್ಜಿ ಹೇಳಿದ್ದು ಸುಳ್ಳಲ್ಲ ಅಂತ ಊರಿಗೆ ಗೊತ್ತಾಗಬೇಕು," ಎಂದರು. ಸೂರ್ಯ ಮುಳುಗುವ ಮೊದಲು ಮನೆಗೆ ತಲುಪಿ ಊಟ ಮಾಡಬೇಕು ಎಂದು ಕಾಫಿಯನ್ನೂ ಮುಟ್ಟದೆ ಹೊರಟರು.

ಕಂಪೌಂಡಿನ ಆಚೆ ಭಟ್ಟರು ಒಂದೇ ದಾಸವಾಳದ ಗಿಡಕ್ಕೆ ಅಷ್ಟು ಹೊತ್ತೂ ನೀರು ಬಿಡುತ್ತಿದ್ದರು. ಅಂಗಳ ಕೆರೆಯಾಗಿತ್ತು.

ಮರುದಿನ ಬಿ.ಸಿ.ರೋಡಿನಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ವಿಚಿತ್ರವೆಂದರೆ ಮರ್ಯಾದೆ ಹೋಗುವ ಬದಲು ಏರಿತು. ಕೊಡೆ ಸೆಟ್ಟಿ ಎರಡು ಊರಿನಲ್ಲಿ ಎರಡು ಸಂಸಾರ ಸಾಕಿದ ಗಟ್ಟಿ ಕುಳ ಎಂದು ಮಾತಾಯಿತು. ಕುರ್ಚಿ ಕೇಳಲು ಬಂದವರೂ ಮೊದಲು ಅಜ್ಜನನ್ನು ವಿಚಾರಿಸಿದರು. ಅನುಕಂಪ ತೋರಿಸಲೆಂದು ಬಂದ ಭಟ್ಟರು, ಜನ ಸುತ್ತ ನಿಂತದ್ದು ಕಂಡು ಮುಖ ಹುಳ್ಳಗೆ ಮಾಡಿದರು. "ನಮ್ಮ ಅಜ್ಜನಿಗೂ ಆ ಕಾಲದಲ್ಲಿ ಉಪ್ಪಿನಂಗಡಿಯ ಕಡೆ ಹೋಗಿಬರುವುದು ಇತ್ತು ಅಂತ ಕೇಳಿದ್ದೇನೆ," ಎಂದು ಸುಮ್ಮನೆ ಒಂದು ಮಾತು ತೇಲಿಬಿಟ್ಟರು.

ಬಾವಾ ಅವರ ಭುಜ ತಟ್ಟಿದರು. "ಬೇಡ ಭಟ್ರೇ. ಬೆಲ್ಲದಲ್ಲೇ ಇರಿ."

ಆದರೆ ಬೆಳ್ತಂಗಡಿಗೂ ಸುದ್ದಿ ಮುಟ್ಟಿತ್ತು. ಗುಲಾಬಿ ಮಾಮಿಯ ಫೋನು ಬಂತು.

"ಲೋಕು, ನನ್ನ ಅಮ್ಮನನ್ನು ಯಾರಿಗೆ ಕಟ್ಟಿಬಿಟ್ಟೆ ನೀನು?"

"ಮಾಮಿ, ನೀವೇ ಅಲ್ವಾ ನಮ್ಮ ಮನೆಯವರು ಅಂತ..."

"ಆಗಿಬಿಟ್ಟಿದ್ದರು ಅಂತ ಹೇಳಿದೆ! ಮನೆಯವರು ಅಂತ ಅಲ್ಲ! ಪೂರ್ತಿ ಕೇಳಲಿಕ್ಕೆ ನಿನಗೆ ಎಂತ ಧಾಡಿ? ಭಾನುವಾರ ಕಾರು ಕಳುಹಿಸು. ಎಸಿ ಇರುವಂಥದ್ದು. ನಾನು ಬಂದೇ ಮಾತಾಡುವುದು."

ಆ ರಾತ್ರಿ ಕುಸುಮ ಸೌಟಿನ ಸದ್ದು ಮಾಡುತ್ತಲೇ ಬಡಿಸಿದಳು. ಅನ್ನದ ಕೈ ತೊಳೆಯುವಾಗ ಒಂದೇ ಮಾತು ಹೇಳಿದಳು: "ನಾಳೆ ನಾನು ಸತ್ತ ಮೇಲೆ, ಭಟ್ರಿಗಿಂತ ಒಂದು ಶಾಲು ಹೆಚ್ಚು ಸಿಗ್ತದೆ ಅಂತಾದ್ರೆ ನನ್ನನ್ನೂ ಹೀಗೇ ಯಾರಿಗಾದರೂ ಕೊಟ್ಟುಬಿಡ್ತೀರಾ?" ಲೋಕನಾಥ ಬೇಗನೆ ದೀಪ ಆರಿಸಿ ಮಲಗಿದ. ಆದರೂ ಬೆಳಿಗ್ಗೆ ಎದ್ದು ಭಾನುವಾರಕ್ಕೆಂದು ಹೊಲಿಸಿದ್ದ ಅಂಗಿಗೆ ಇಸ್ತ್ರಿ ಹಾಕಿಸಿದ. ಮನುಷ್ಯ ಹಾಗೆಯೇ.

ಭಾನುವಾರ ಬೆಳಿಗ್ಗೆ ಬಾಳಿಗರ ಅಂಗಡಿಯ ಮುಂದೆ ಲೋಕನಾಥನದೇ ಶಾಮಿಯಾನ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಸೀರೆಯ ಮರುದೇವಿಯಮ್ಮ. ಎರಡು ಕುರ್ಚಿ ಬಿಟ್ಟು, ಊರುಗೋಲು ಮಡಿಲಲ್ಲಿಟ್ಟುಕೊಂಡ ಗುಲಾಬಿ ಮಾಮಿ. ವೇದಿಕೆಯಲ್ಲಿ ಭಟ್ಟರು ಆಗಲೇ ಶಾಲು ಹೊದ್ದು, ಸೆಖೆಯಲ್ಲಿ ಬೆವರುತ್ತ, ತೆಗೆಯಲು ಮನಸ್ಸಿಲ್ಲದೆ ಕೂತಿದ್ದರು. ಬಾವಾ ತಮ್ಮ ಶಾಲನ್ನು ಮಡಿಸಿ ಬೆನ್ನಿಗೆ ದಿಂಬು ಮಾಡಿಕೊಂಡಿದ್ದರು.

"ಇನ್ನು ಒಂಬತ್ತನೆಯವರು," ಎಂದರು ಬಾಳಿಗರು ಮೈಕಿನಲ್ಲಿ. "ಲೋಕನಾಥ ಶೆಟ್ಟಿ ವೇದಿಕೆಗೆ ಬರಬೇಕು."

ಲೋಕನಾಥ ಹತ್ತಿದ. ಬಾಳಿಗರು ಶಾಲು ಬಿಡಿಸಿದರು. ಹಸುರು ಬಣ್ಣ, ಅಗಲವಾದ ಜರಿ. ಭಟ್ಟರದಕ್ಕಿಂತ ಒಂದು ಬೆರಳು ಹೆಚ್ಚೇ ಎಂದು ಅವನಿಗೆ ತೋರಿತು. ಗುಲಾಬಿ ಮಾಮಿ ಊರುಗೋಲು ಊರಿ ಏಳಲು ನೋಡಿದರು, ಆಗಲಿಲ್ಲ, ಮತ್ತೆ ಕೂತರು. ಅದನ್ನು ಲೋಕನಾಥ ಕಂಡ. ಅವನು ಬಾಳಿಗರ ಕೈಯಿಂದ ಮೈಕು ತೆಗೆದುಕೊಂಡ.

"ಇವರು ನನ್ನ ಅಜ್ಜ ಅಲ್ಲ," ಎಂದ. "ಭಟ್ರಿಗೆ ಅಜ್ಜ ಸಿಕ್ಕಿದರು, ನನಗೆ ಹೊಟ್ಟೆಕಿಚ್ಚಾಯ್ತು. ಅಷ್ಟೇ ಆದದ್ದು. ನನ್ನ ಅಜ್ಜಿ ಮರ್ಯಾದಸ್ಥ ಹೆಂಗಸು. ಅವರಿಗೆ ಯಾರೂ ಸೀರೆ ತಂದುಕೊಡಲಿಲ್ಲ. ನನಗೆ ಶಾಲು ಬೇಡ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಪುಕ್ಕಟೆ ಕೊಟ್ಟ ಕುರ್ಚಿಗಳಲ್ಲಿ ಇನ್ನೂರು ಮಂದಿ ಬಾಯಿ ತೆರೆದು ಕೂತಿದ್ದರು. ಮರುದೇವಿಯಮ್ಮ ಎದ್ದು ನಿಂತರು.

"ಹಾಗಾದರೆ ಆ ಸೀರೆ ಉಟ್ಟ ಹೆಂಗಸು ಯಾರು?"

ನ್ಯಾಯವಾದ ಪ್ರಶ್ನೆ. ಸಭೆಗೂ ಅದೇ ಬೇಕಿತ್ತು.

"ನಾನು ಹೇಳ್ತೇನೆ," ಎಂದರು ಗುಲಾಬಿ ಮಾಮಿ. ಮೈಕು ಅವರಿದ್ದಲ್ಲಿಗೇ ಬಂತು. "ಅವತ್ತೂ ಹೇಳಲಿಕ್ಕೆ ಹೊರಟಿದ್ದೆ, ಇವ ಕುರ್ಚಿ ಅಂತ ಓಡಿದ. ಆ ಹೆಂಗಸನ್ನು ನಾನು ಕಂಡಿದ್ದೇನೆ. ನನಗೆ ಆಗ ಏಳೆಂಟು ವರ್ಷ."

"ಯಾರು ಅವಳು?" ಮರುದೇವಿಯಮ್ಮ ಮಾಮಿಯ ಕಡೆ ತಿರುಗಿದರು.

"ನಿಮ್ಮ ಅಜ್ಜನೇ ಅಮ್ಮ."

ಮಾಮಿ ನಿಧಾನವಾಗಿ ಹೇಳಿದರು. ಅವರ ಮನೆಯ ಮುಂದಿನ ಗದ್ದೆಯಲ್ಲಿ ವರ್ಷಕ್ಕೆ ಒಂದೆರಡು ಸಲ ಯಕ್ಷಗಾನ ಬಯಲಾಟ ಇರುತ್ತಿತ್ತು. ಆಟದ ದಿನ ಮೂಡುಬಿದಿರೆಯಿಂದ ಕೋಟು, ಗಡಿಯಾರ, ಕೊಡೆಯ ಸಮೇತ ಒಬ್ಬರು ಬರುತ್ತಿದ್ದರು. ಬಂದವರೇ ಕೋಟು ಬಿಚ್ಚಿ, ಮುಖಕ್ಕೆ ಬಣ್ಣ, ಕಣ್ಣಿಗೆ ಕಾಡಿಗೆ ಹಚ್ಚಿ, ತಾವೇ ತಂದ ಸೀರೆ ಉಟ್ಟು ರಾಣಿಯ ವೇಷ ಮಾಡುತ್ತಿದ್ದರು. ಎಲ್ಲ ಬರುತ್ತಿತ್ತು, ಸೀರೆಯ ನೆರಿಗೆ ಹಿಡಿಯಲು ಮಾತ್ರ ಬರುತ್ತಿರಲಿಲ್ಲ. ಅದನ್ನು ಮಾಮಿಯ ಅಮ್ಮನೇ ಮಾಡಿಕೊಡಬೇಕು. "ಬಣ್ಣ ಹಾಕಿದ್ದು ಗೊತ್ತಾದರೆ ಅಂಗಡಿಯಲ್ಲಿ ಮರ್ಯಾದೆ ಇರುವುದಿಲ್ಲ, ಮನೆಯಲ್ಲಿ ಹೇಳಬೇಡಿ ಅಂತ ಕೈಮುಗಿಯುತ್ತಿದ್ದರು. ಸೀರೆಗಳನ್ನು ಮೇಳದವರಿಗೇ ಕೊಟ್ಟು ಹೋಗುತ್ತಿದ್ದರು."

ಮರುದೇವಿಯಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು. ಮೆಲ್ಲಗೆ ಕೇಳಿದರು: "ಚೆಂದ ಕಾಣ್ತಿದ್ದರಾ?"

"ಎಷ್ಟು ಚೆಂದ ಅಂದ್ರೆ, ಆಟ ಮುಗಿದ ಮೇಲೆ ನಮ್ಮೂರಿನ ಹೆಂಗಸರು ಯಾರೂ ಎರಡು ದಿನ ಕನ್ನಡಿ ನೋಡಲಿಲ್ಲ."

ಮರುದೇವಿಯಮ್ಮ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಜ್ಜಿಗೆ ಇದು ಗೊತ್ತಾಗಬೇಕಿತ್ತು," ಎಂದರು, "ಗಂಡನ ಮೇಲೆಯೇ ಅಸೂಯೆಪಟ್ಟು ಸತ್ತರಲ್ಲ." ಆಮೇಲೆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಗುಲಾಬಿ ಮಾಮಿ ಅವರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಬಾಳಿಗರು ಹಸುರು ಶಾಲನ್ನು ಮರುದೇವಿಯಮ್ಮನಿಗೆ ಹೊದಿಸಿದರು. ಪಾಯಪ್ಪ ಸೆಟ್ಟಿಯ ಹೆಸರಿನ ಮುಂದೆ 'ಜವಳಿ ವರ್ತಕರು ಮತ್ತು ಕಲಾವಿದರು' ಎಂದು ಬರೆಸುವುದಾಗಿ ಅಲ್ಲೇ ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಬೆಲ್ಲದ ಭಟ್ಟರ ಮೊಮ್ಮಗನ ಮುಖ ಮತ್ತೆ ಬಾಡಿತು.

ಊಟಕ್ಕೆ ಕೂತಾಗ ಕುಸುಮ ತಾನಾಗಿಯೇ ಗಂಡನ ಪಕ್ಕದ ಎಲೆಗೆ ಬಂದು ಕೂತಳು. ಇನ್ನೊಂದು ಪಕ್ಕ ಗುಲಾಬಿ ಮಾಮಿ. ಲೋಕನಾಥನಿಗೆ ಒಂದು ಸಂಶಯ ಉಳಿದಿತ್ತು.

"ಮಾಮಿ, ನಮ್ಮ ಅಜ್ಜನೂ ಬಂಟ್ವಾಳಕ್ಕೆ ಗಾಡಿ ತರುತ್ತಿದ್ದರಲ್ಲ. ಫೋಟೊ ತೆಗೆದ ದಿನ ಅವರು ಎಲ್ಲಿದ್ದರು?"

"ಇಲ್ಲಿಯೇ ಇದ್ದರು. ಬಾಳಿಗರ ಅಜ್ಜ ಕೈಹಿಡಿದು ಕರೆದರಂತೆ, 'ಬನ್ನಿ, ನಿಲ್ಲಿ' ಅಂತ. ನಮ್ಮ ಅಪ್ಪ ನಿಲ್ಲಲಿಲ್ಲ."

"ಯಾಕೆ?"

"ತುದಿಯಲ್ಲಿ ಕೊಡೆ ಹಿಡಿದು ಸೆಟ್ಟಿ ನಿಂತಿದ್ದರಲ್ಲ! ತನ್ನ ಹೆಂಡತಿ ನೆರಿಗೆ ಹಿಡಿದುಕೊಟ್ಟ ಗಂಡಸಿನ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ ಅಂತ ಗಾಡಿ ಕಟ್ಟಿಕೊಂಡು ಬಂದುಬಿಟ್ಟರು. ಅಮ್ಮ ಸಾಯುವ ತನಕ ಹೇಳಿ ನಗುತ್ತಿದ್ದರು." ಮಾಮಿ ಪಾಯಸಕ್ಕೆ ಕೈ ಹಾಕಿದರು. "ಭಾರೀ ಹೊಟ್ಟೆಕಿಚ್ಚಿನ ಮನುಷ್ಯ. ನೀನು ಅವರ ಮೊಮ್ಮಗ ಅಂತ ಯಾರೂ ಸಾಕ್ಷಿ ಹೇಳುವುದು ಬೇಡ."

ಊಟದ ನಂತರ ಬಾಳಿಗರು ಎಲ್ಲರನ್ನೂ ಅದೇ ಜಗಲಿಯಲ್ಲಿ ಫೋಟೊಕ್ಕೆ ನಿಲ್ಲಿಸಿದರು. ನಡುವಿನ ಕುರ್ಚಿಯಲ್ಲಿ ಶಾಲು ಹೊದ್ದ ಭಟ್ಟರು ಕೂತದ್ದು ಕಂಡು, ಕುರ್ಚಿ ಮಡಿಸುತ್ತಿದ್ದ ಲೋಕನಾಥ ದೂರವೇ ನಿಂತ. "ಬನ್ನಿ ಶೆಟ್ರೇ, ನಿಮ್ಮನ್ನು ಬಿಟ್ಟು ನಾನು ತೆಗೆಸುವುದಿಲ್ಲ," ಎಂದು ಭಟ್ಟರೇ ಕರೆದರು. ಲೋಕನಾಥ ಒಂದು ಗಳಿಗೆ ಯೋಚಿಸಿದ. ಅಜ್ಜ ಮಾಡಿದ ತಪ್ಪು ತಾನು ಮಾಡಬಾರದು ಎಂದು ನಿಶ್ಚಯಿಸಿ, ಹೋಗಿ ಭಟ್ಟರ ಹಿಂದೆ ನಿಂತ.

ಆ ಫೋಟೊ ಈಗ ಬಾಳಿಗರ ಅಂಗಡಿಯಲ್ಲಿ ತೂಗುತ್ತಿದೆ. ಎಲ್ಲರೂ ಕ್ಯಾಮರಾ ನೋಡುತ್ತಿದ್ದಾರೆ. ಲೋಕನಾಥ ಒಬ್ಬನೇ ಕತ್ತು ಬಗ್ಗಿಸಿ ಭಟ್ಟರ ಶಾಲಿನ ಜರಿಯನ್ನು ನೋಡುತ್ತಿದ್ದಾನೆ. ಕೆಳಗೆ ಯಾರ್ಯಾರ ಹೆಸರು ಬರೆಸಬೇಕು ಎಂದು ಬಾಳಿಗರು ಕೇಳಿದಾಗ ಕುಸುಮ ಹೇಳಿದಳಂತೆ:

"ಇವರದ್ದು ಬೇಡ ಮಾಮ್. ಇನ್ನು ನೂರು ವರ್ಷ ಹೋದರೂ ಗುರುತು ಸಿಗ್ತದೆ."